ಒನ್ ಮಿನಿಟ್‌ರೀ

ಪುಣೆಯ ಕಾತ್ರಜದಲ್ಲಿದ್ದ ಶಿವಗಂಗವ್ವ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ತಪ್ಪು ಉತ್ತರವನ್ನು ಸುಮ್ಮನೆ ಬಿಟ್ಟವರೇ ಅಲ್ಲ. 2007ರಲ್ಲಿ ಅವರು ಇಂಟರ್ನೆಟ್‌ನಲ್ಲಿ ಚೆಸ್ ಆಟವೊಂದನ್ನು ಕೊಂಡರು. ಡೌನ್‌ಲೋಡ್ ಆಗಲು ಮೂರು ದಿನ ಹಿಡಿಯಿತು. ತೆರೆದರೆ ಬರೀ ಕಪ್ಪು ಪರದೆ, ಒಂದು ಕುದುರೆಯೂ ಇಲ್ಲ.

ಸಹಾಯವಾಣಿಗೆ ಫೋನ್ ಮಾಡಿದಾಗಲೆಲ್ಲ ಒಂದೇ ಮಂತ್ರ: ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಆರು ಸಲ ಮಾಡಿದರು. ಏಳನೆಯ ಸಲ ಕೆವಿನ್ ಎಂಬುವವನು ಮೂಗಿನಲ್ಲೇ ಇಂಗ್ಲಿಷ್ ಉಲಿಯುತ್ತ ಅದನ್ನೇ ಹೇಳಿದಾಗ ಶಿವಗಂಗವ್ವನವರ ಪಿತ್ತ ನೆತ್ತಿಗೇರಿತು. ತರಗತಿಯಲ್ಲಿ ಗದರುತ್ತಿದ್ದ ದನಿಯಲ್ಲೇ ಇಂಗ್ಲಿಷಿನಲ್ಲಿ ಗದರಿದರು. ಅವನು ತಬ್ಬಿಬ್ಬಾದ.

"ಒನ್ ಮಿನಿಟ್‌ರೀ ಮೇಡಂ!"

ತಮ್ಮ ತವರಿನ ಕಡೆಯ ಆ 'ರೀ' ಕಿವಿಗೆ ಬಿದ್ದದ್ದೇ ತಡ, ಶಿವಗಂಗವ್ವ ನೆಟ್ಟಗೆ ಕೂತರು.

"ಯಾವೂರಪಾ ನಿಂದು, ಕೆವಿನ್?"

ಆ ಕಡೆಯಿಂದ ಸಣ್ಣ ದನಿ ಬಂತು: "ಬೈಲಹೊಂಗಲ ರೀ. ಖರೇ ಹೆಸರು ಬಸವಪ್ರಭು."

"ಹಂಗಾರ ಇದನ್ನೂ ಖರೇ ಹೇಳು ಬಸವಪ್ರಭು, ಈ ಆಟ ಯಾಕ ಚಾಲೂ ಆಗವಲ್ದು?"

"ಗೊತ್ತಿಲ್ರಿ ಅಕ್ಕಾರ. ನಮ್ಮ ಆಫೀಸಿನ ಕಂಪ್ಯೂಟರಿನ್ಯಾಗೂ ಅದು ಚಾಲೂ ಆಗೂದಿಲ್ರಿ."

"ಹೌದಾ?" ಎಂದರು ಶಿವಗಂಗವ್ವ. "ರೀಸ್ಟಾರ್ಟ್ ಮಾಡಿ ನೋಡಿಯೇನು?"