ಮೂರೂರ ಸ್ವರ

ಭಜನೆಯವರು ಯಾರೂ ಹೊಸ ಹಾರ್ಮೋನಿಯಂ ಪೇಟಿ ತರದಿರಲಿ ಎಂದು, ಅಪ್ಪನ ಹೆಣದ ಬದಿಯಲ್ಲಿ ಚೆಂಡುಹೂ ಪೋಣಿಸುತ್ತ ಸೂಗಮ್ಮ ಮನಸ್ಸಿನಲ್ಲೇ ಬೇಡಿಕೊಂಡಳು. ಅಳಬೇಕಾದ ಹೊತ್ತಿನಲ್ಲಿ ಇದೆಂಥ ಬೇಡಿಕೆ ಎಂದು ನಾಚಿಕೆಯೂ ಆಯಿತು.

ಹಾರ್ಮೋನಿಯಂ ರಿಪೇರಿಯ ಅಂಬಪ್ಪನ ಹೆಣವನ್ನು ಮಸ್ಕಿಯ ಆ ಬಾಡಿಗೆ ಮನೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಎದುರಿಗೆ ಭಜನೆ. ಲಿಂಗಸುಗೂರಿನ ಜಿಲಾನಿಸಾಬ ತನ್ನ ಪೇಟಿ ತಂದಿದ್ದ, ಸಿಂಧನೂರಿನವರು ತಮ್ಮದು. ಮಸ್ಕಿಯದೂ ಸೇರಿ ಮೂರು ನುಡಿದಾಗ ಒಂದೇ ಪೇಟಿ ನುಡಿದಂತಿತ್ತು.

“ನೋಡ್ರಿ, ಕೂದಲೆಳಿ ಫರಕಿಲ್ಲ,” ಎಂದ ಜಿಲಾನಿಸಾಬ. “ಹಿಂಗ ಸ್ವರಾ ಕೂಡಸಾಂವ ಹೋಗಿಬಿಟ್ಟ.”

“ಮೂರೂರ ಪೇಟಿಗೆ ಸ್ವರಾ ಕೊಟ್ಟಿ, ನನಗ ಒಂದು ಮಾತು ಹೇಳಲಾರದ ಹೋದ್ಯಲ್ಲೋ ನನ್ನ ದೊರೀ!” ಸೂಗಮ್ಮನ ತಾಯಿ ಯಮನಮ್ಮನ ಅಳು ಮತ್ತೆ ಏರಿತು.

ಅಷ್ಟರಲ್ಲಿ ಬಸ್ಸಿಳಿದು ಬಂದ ಬಳಗಾನೂರಿನ ಕನಕರಾಯ ಹೆಗಲ ಮೇಲಿನ ಪೇಟಿ ಇಳಿಸಿ, ಹೆಣಕ್ಕೆ ಕೈಮುಗಿದು, ಕುಳಿತು ಬಾರಿಸತೊಡಗಿದ. ಅದರ ಸ್ವರ ಉಳಿದ ಮೂರಕ್ಕೆ ಕೂಡದೆ ಭಜನೆ ಕೆಟ್ಟುಹೋಯಿತು.

“ಲೇ ಕನಕ್ಯಾ, ನಿಲ್ಸೋ! ಸತ್ತಾಂವ ಎದ್ದು ಬಂದಾನು,” ಎಂದ ಜಿಲಾನಿಸಾಬ.

“ಹೊಸಾದ್ರಿ ಸಾಬ್ರ. ಹೋದ ವಾರ ಬೆಳಗಾವಿಯಿಂದ ಬಂದೈತಿ.”

“ಅದಕ್ಕ! ಲಾರ್ಯಾಗ ಕುಲುಕಿ ಸ್ವರ ಏರ್ಯಾವ. ಅಂಬಣ್ಣ ಇದ್ದಿದ್ರ ಇಳಸ್ತಿದ್ದ. ವೆಂಕೋಬಾ, ನಿಮ್ಮ ಮಾವನ ಹತ್ಯಾರ ತಗೊಂಬಾ. ಅವನ ಕಡೀ ಭಜನಿ, ಎಲ್ಲಾ ಪೇಟಿ ಕೂಡೇ ನುಡೀಲಿ.”

ಅಂಬಪ್ಪನ ಕೈಕೆಳಗೆ ಕೆಲಸ ಕಲಿತಿದ್ದ, ಅವನ ಅಕ್ಕನ ಮಗ ವೆಂಕೋಬ ಎದ್ದು ಒಳಗೆ ಹೋದ.

* * *

ಅಪ್ಪನ ಹತ್ಯಾರದ ತಗಡಿನ ಡಬ್ಬಿಯಲ್ಲಿದ್ದದ್ದು ಇಷ್ಟೇ: ಪೇಟಿಯೊಳಗೆ ಸ್ವರ ನುಡಿಸುವ ರೀಡಿನ ನಾಲಿಗೆ ಎತ್ತಿ ಹಿಡಿಯಲು ತೆಳ್ಳನೆಯ ಹಿತ್ತಾಳೆ ಚೂರು, ಒಂದು ಸಣ್ಣ ಅರ, ಅಪ್ಪನೇ ಮಸೆದುಕೊಂಡ ಚೂಪು ಉಳಿ, ಹರೆಯದಲ್ಲಿ ಹೈದರಾಬಾದಿನಿಂದ ತಂದ ಮೌತ್ ಆರ್ಗನ್. ಅದನ್ನು ಊದಿ, ಅದರ ಸ್ವರಕ್ಕೇ ಪೇಟಿ ಕೂಡಿಸುತ್ತಿದ್ದ. ಈಚಿನ ವರ್ಷಗಳಲ್ಲಿ ಹೊಸ ಪೇಟಿ ಬಂದಾಗಲೆಲ್ಲ ಅದರ ಸ್ವರ ಏರಿಯೇ ಇರುತ್ತಿತ್ತು. “ದಾರಿ ಕೆಟ್ಟೈತಿ, ಕುಲುಕಿ ಏರ್ತಾವ,” ಎಂದು ನಾಲಿಗೆಯ ಬುಡ ಕೆರೆದು ಇಳಿಸುತ್ತಿದ್ದ. ಆ ರಸ್ತೆಗಳನ್ನು ಕಂಡವರು ಯಾರೂ ಅನುಮಾನಪಡಲಿಲ್ಲ.

ಸೂಗಮ್ಮ ಸಿಂಧನೂರಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಾಗ, ಕಾಲೇಜಿನ ಸಮಾರಂಭಕ್ಕೆ ಧಾರವಾಡದಿಂದ ಒಂದು ಪೇಟಿ, ಗುಲಬರ್ಗಾದಿಂದ ಇನ್ನೊಂದು ಬಂದವು. ಎಂದೂ ಜೊತೆಗಿರದ ಆ ಎರಡೂ ಒಂದಕ್ಕೊಂದು ಕೂಡಿದವು. ಅಪ್ಪ ಕೂಡಿಸಿಕೊಟ್ಟ ಕಾಲೇಜಿನ ಪೇಟಿಯ ಸ್ವರ ಮಾತ್ರ ಕೆಳಗುಳಿಯಿತು. ಅವಳಿಗೆ ಆಗ ತಿಳಿಯಿತು: ಹೊಸ ಪೇಟಿಗಳು ಏರಿರಲಿಲ್ಲ, ಊದಿ ಊದಿ ಸವೆದ ಮೌತ್ ಆರ್ಗನ್ನೇ ಇಳಿದಿತ್ತು.

ಹೇಳಬೇಕೆಂದೇ ಮನೆಗೆ ಬಂದಳು. ಅಪ್ಪ ಯಾರದೋ ಪೇಟಿ ಮುಗಿಸಿ, ಬೆವರೊರೆಸಿಕೊಂಡು, ಮೊದಲು ಮೌತ್ ಆರ್ಗನ್ ಊದಿದ, ಆಮೇಲೆ ಪೇಟಿ ಒತ್ತಿದ. “ಬರೋಬ್ಬರಿ ಐತಿಲ್ಲವಾ?” ಎಂದ.

ಊರಿನಲ್ಲಿ ಬೇರೆ ಯಾವುದಕ್ಕೂ ಅವನಿಗೆ ಹೆಸರಿರಲಿಲ್ಲ.

“ಹೂಂ,” ಎಂದಳು.

* * *

ವೆಂಕೋಬ ಪೇಟಿ ಬಿಚ್ಚಿದ. ಕನಕರಾಯ ಹಲಗೆ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕುಳಿತ.

“ಹಗೂರಕ, ಅಣ್ಣಾ. ಕೆರದದ್ದು ತಿರುಗಿ ಹಚ್ಚಾಕ ಬರೂದಿಲ್ಲ. ಊರಾಗ ಹುಡುಗರು ಇದರ ಮ್ಯಾಲ ಕಲೀಬೇಕಂತ ಕಾಯಾಕತ್ತಾವ.”

“ನಮ್ಮ ಮಾವ ಇಂಥಾವು ಎಷ್ಟು ಇಳಸ್ಯಾನ. ಸುಮ್ಮನ ಕೂಡು.”

ಜಿಲಾನಿಸಾಬ ತಿದಿ ಒತ್ತಿ, ತನ್ನ ಪೇಟಿಯ ಬಿಳಿ ಪಟ್ಟಿಯೊಂದನ್ನು ಹಿಡಿದ. “ಇದಕ್ಕ ಕೂಡಸು.”

ಉಳಿಯ ಮೊನೆ ನಾಲಿಗೆಯ ಬುಡಕ್ಕೆ ಬಂತು.

“ತಡೀರಿ.”

ಆ ದನಿಯನ್ನು ಗಂಡಸರ ನಡುವೆ ಯಾರೂ ಕೇಳಿರಲಿಲ್ಲ. ಎಲ್ಲರೂ ತಿರುಗಿದರು. ಎದ್ದು ನಿಂತ ಸೂಗಮ್ಮನ ಮಡಿಲಿನ ಹೂಗಳು ಚೆಲ್ಲಿದ್ದವು.

“ಯಾಕ ಬೇಟಿ?” ಎಂದ ಜಿಲಾನಿಸಾಬ.

“ಮಾವನ ಹತ್ಯಾರ ಇವತ್ತ ಮುಟ್ಟಬ್ಯಾಡ ಅಂತಾಳ, ಪಾಪ,” ವೆಂಕೋಬ ಮೆತ್ತಗೆ ಹೇಳಿದ. “ಹೌದಿಲ್ಲ ಸೂಗಿ? ಮಣ್ಣಾದ ಮ್ಯಾಲ ಮಾಡೂಣು ತಗೋ.”

ಹೂಂ ಎಂದುಬಿಟ್ಟರೆ ಸಾಕಿತ್ತು. ಆ ಪೇಟಿ ಇವತ್ತಿಗೆ ಉಳಿಯುತ್ತಿತ್ತು. ಅವ್ವ ಸೆರಗಿನಂಚಿನಿಂದ ಅವಳನ್ನೇ ನೋಡುತ್ತಿದ್ದಳು.

“ಅಲ್ಲ,” ಎಂದಳು ಸೂಗಮ್ಮ. “ಇದರ ಸ್ವರ ಏರಿಲ್ಲ. ಅಪ್ಪಂದ ಇಳಿದಿತ್ತು.”

ಯಮನಮ್ಮನ ಅಳು ನಿಂತಿತು. ಜಿಲಾನಿಸಾಬನ ಬೆರಳು ಪಟ್ಟಿಯ ಮೇಲೆಯೇ ಉಳಿದಿತ್ತು. ತಿದಿಯೊಳಗಿನ ಗಾಳಿ ತೀರುವವರೆಗೂ ಅಂಬಪ್ಪನ ಸ್ವರ ನುಡಿಯುತ್ತಲೇ ಇತ್ತು.