ಗಾಜಿನಾಚೆಯ ಬಾಯಿ

"ನಿಂಗೆ ಕಿವಿ ಇರೋದು ಬರೀ ಓಲೆ ನೇತುಹಾಕೋಕಾ? ನಾಲ್ಕನೇ ಮಗ್ಗ ನಿಲ್ಸು ಅಂತ ಮೂರು ಸಲ ಕೂಗಿದೀನಿ!"

"ಎಲ್ಲಿಂದ ಕೂಗಿದ್ರಿ ಸಾರ್? ಆ ಗಾಜಿನ ಗೂಡಿಂದ ತಾನೆ?"

ಮ್ಯಾನೇಜರ್ ನೀಲಿ ಬಟ್ಟೆಯ ಸುರುಳಿಯನ್ನು ಅವಳ ಮೂಗಿನ ಮುಂದೆ ಆಡಿಸಿದ. ಗಿರಾಕಿ ಬೆಳಿಗ್ಗೆಯೇ ಬಣ್ಣ ಬದಲಾಯಿಸಿದ್ದ. ಅವಳು ಮಧ್ಯಾಹ್ನದವರೆಗೂ ನೀಲಿಯನ್ನೇ ನೇಯ್ದಿದ್ದಳು.

ಇಪ್ಪತ್ತೆರಡು ವರ್ಷ ಮಗ್ಗದ ಮುಂದೆ ನಿಂತವಳು. ಅರವತ್ತು ಮಗ್ಗ ಒಟ್ಟಿಗೆ ಕುಟ್ಟುವ ಆ ಶೆಡ್ಡಿನಲ್ಲಿ ಮಾತು ಅರ್ಧ ಕಿವಿಗೆ, ಅರ್ಧ ಕಣ್ಣಿಗೆ. ಎದುರು ನಿಂತು ತುಟಿಬಿಚ್ಚಿ ಆಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಈ ಮಹಾಶಯ ಬಂದವನೇ ಮೇಲೊಂದು ಗಾಜಿನ ಕೋಣೆ ಕಟ್ಟಿಸಿಕೊಂಡ, ಗೋಡೆಗೆ ಸ್ಪೀಕರ್ ಹಾಕಿಸಿದ, ಮೈಕನ್ನು ಬಾಯಿಗೆ ಒತ್ತಿಕೊಂಡು ದರ್ಬಾರು ನಡೆಸಿದ.

"ಸ್ಪೀಕರಲ್ಲಿ ಬರೋದು ಬರೀ ಗೊರಗೊರ. ಮೈಕನ್ನ ಗದ್ದಕ್ಕಿಳಿಸಿ, ಬಾಯಿ ಕಾಣ್ಲಿ ಅಂತ ಅವತ್ತೇ ಬಡ್ಕೊಂಡೆ."

"ನನ್ನ ಬಾಯಿ ನೋಡ್ಕೊಂಡು ನಿಲ್ಲೋಕೆ ಸಂಬಳ ಕೊಡ್ತಿಲ್ಲ."

"ನೋಡೋ ಹಾಗಿದ್ರೆ ತಾನೆ!"

ಪಕ್ಕದ ಮಗ್ಗದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಮ್ಯಾನೇಜರ್ ದಡದಡನೆ ಮೆಟ್ಟಿಲು ಹತ್ತಿ, ಮೇಸ್ತ್ರಿಯನ್ನು ಒಳಗೆ ಕರೆದು ಬಾಗಿಲು ಜಡಿದ. ಬಾಗಿಲು ಹಾಕಿದರೆ ಗುಟ್ಟು ಭದ್ರ ಎಂದು ಆ ಬೆಪ್ಪನ ಲೆಕ್ಕಾಚಾರ. ಮೈಕು ಮೇಜಿನ ಮೇಲಿತ್ತು, ಮುಖ ಶೆಡ್ಡಿನ ಕಡೆಗಿತ್ತು. ಅವಳು ಒಂದೊಂದೇ ಮಾತನ್ನು ಅವನ ತುಟಿಯಿಂದ ಆರಿಸಿಕೊಂಡಳು: ಕಿವುಡಿ ಅಂತ ಬರ್ದು ಸಹಿ ಹಾಕಿಸ್ಕೋ. ನಾಳೆಯಿಂದ ಆ ಮಗ್ಗಕ್ಕೆ ನಮ್ಮ ಭಾವಮೈದ.

ಆ ಭಾವಮೈದ ಎರಡು ದಿನದಿಂದ ಕೈಕಟ್ಟಿಕೊಂಡು ಅವಳ ಮಗ್ಗದ ಸುತ್ತಲೇ ಸುಳಿಯುತ್ತಿದ್ದ.

ಮೇಸ್ತ್ರಿ ಕಾಗದ ಹಿಡಿದು ಇಳಿದು ಬಂದ. "ಅಕ್ಕಾ, ಒಂದು ಸಹಿ. ಬಟ್ಟೆ ಹಾಳಾಯ್ತಲ್ಲ, ಅದಕ್ಕೆ ಅಷ್ಟೇ."

ಅದಕ್ಕೆ ಸಹಿ ಬಿದ್ದರೆ ಇನ್ಯಾವ ಶೆಡ್ಡೂ ಅವಳನ್ನು ಒಳಗೆ ಬಿಡುತ್ತಿರಲಿಲ್ಲ.

"ಕಿವುಡಿ ಅಂತ ಬರ್ದಿದೀಯಲ್ಲೋ ತಮ್ಮಾ, ಭಾವಮೈದನ್ನ ಯಾಕೆ ಬಿಟ್ಟೆ?"

ಮೇಸ್ತ್ರಿ ಬಿಳಿಚಿಕೊಂಡ. "ನಿಂಗೆ... ಹೆಂಗೆ ಗೊತ್ತಾಯ್ತು?"

"ನಿಮ್ಮ ಸಾಹೇಬ ಬಂದಾಗಿನಿಂದ ಆ ಗೂಡಿಂದ ನಂಗೆ ತಿಳಿಯೋ ಹಾಗೆ ಮಾತಾಡಿದ್ದು ಇವತ್ತೇ ಕಣೋ. ಮೈಕ್ ಇರ್ಲಿಲ್ಲ ನೋಡು!"

ಕಾಗದವನ್ನು ಹರಿದು ಅವನ ಜೇಬಿಗೆ ತುರುಕಿದಳು. ಪಕ್ಕದವಳ ಕಡೆ ತಿರುಗಿ, ಭಾವಮೈದನ ಗುಟ್ಟನ್ನು ದನಿಯಿಲ್ಲದೆ ತುಟಿಯಲ್ಲೇ ಆಡಿದಳು. ಆ ಮಾತು ತುಟಿಯಿಂದ ತುಟಿಗೆ ಸಾಲುದ್ದಕ್ಕೂ ಓಡಿತು. ನಿಮಿಷದಲ್ಲಿ ಶೆಡ್ಡಿಗೆ ಶೆಡ್ಡೇ ಗಾಜಿನತ್ತ ಮುಖವೆತ್ತಿ ನಗುತ್ತಿತ್ತು.

ಅವಳು ಮಗ್ಗ ನಿಲ್ಲಿಸಿ, ಊಟದ ಡಬ್ಬಿ ಎತ್ತಿಕೊಂಡು ಗೇಟಿನತ್ತ ನಡೆದಳು. ಹಿಂದೆ ಸ್ಪೀಕರ್ ಗೊರಗುಟ್ಟಿತು. ಬಾ ಎಂದನೋ, ತೊಲಗು ಎಂದನೋ. ತಿರುಗಿದ್ದರೂ ಕಾಣುತ್ತಿದ್ದದ್ದು ಮೈಕೇ. ಅವಳು ತಿರುಗಲಿಲ್ಲ, ಆ ಗೇಟಿನೊಳಗೆ ಮತ್ತೆಂದೂ ಕಾಲಿಡಲಿಲ್ಲ.