ಲಿವರಿಗೆ ಸುತ್ತಿದ ರಬ್ಬರ್ ಬ್ಯಾಂಡ್

ಆರ್ವಿಲ್ ಪ್ರೂಯಿಟ್‌ನ ಬೈಕಿನ ಕ್ಲಚ್ ಲಿವರ್ ಯಾರೂ ಮುಟ್ಟದೆ ತಾನಾಗೇ ಒಳಗೆ ಸರಿಯಿತು. ಕಣ್ಣಾರೆ ನೋಡಿದೆ. ಬೈಕನ್ನು ಸ್ಟ್ಯಾಂಡ್ ಮೇಲೆ ಎತ್ತಿ ನಿಲ್ಲಿಸಿ, ಎಡಗಡೆ ಲಿವರಿಗೂ ಹಿಡಿಗೂ ಸೇರಿಸಿ ಒಂದು ರಬ್ಬರ್ ಬ್ಯಾಂಡ್ ಸುತ್ತಿದ್ದ. ಎಡಗೈಯಲ್ಲಿ ಅರ್ಧ ತಿಂದ ಸಾಸೇಜ್ ಬನ್ನು. ಬಲಗೈಯಲ್ಲಿ ಎಕ್ಸಲರೇಟರ್ ತಿರುಗಿಸಿ ರೈಸ್ ಕೊಟ್ಟ. ಲಿವರ್ ಚೂರು ಒಳಗೆ ಹೋಯಿತು. ರೈಸ್ ಬಿಟ್ಟ, ವಾಪಸ್ ಬಂತು.

ಸಿಕ್ಕಿಬಿದ್ದ ಕಳ್ಳ, ಅಂದುಕೊಂಡೆ.

ನಮ್ಮ ಓಝಾರ್ಕ್ ಗುಡ್ಡದ ರೇಸಿನಲ್ಲಿ ಎಲ್ಲರೂ ಎಂಜಿನ್ ಆಫ್ ಮಾಡಿ ನಿಲ್ಲಬೇಕು. ಬಾವುಟ ಬಿದ್ದ ಮೇಲೇ ಕಿಕ್ ಹೊಡೆಯಬೇಕು. ಹುಲ್ಲುಗಾವಲು ದಾಟಿದರೆ ಓಕ್ ಮರಗಳ ನಡುವೆ ಒಂದೇ ಬೈಕ್ ಹಿಡಿಯುವ ದಾರಿ. ಮೊದಲು ಒಳಹೊಕ್ಕವನ ಧೂಳನ್ನು ಮಿಕ್ಕವರು ತಿನ್ನುತ್ತಾರೆ. ಈ ವರ್ಷವೆಲ್ಲ ಶುರುವಿನಲ್ಲಿ ನಾನು ತಿಂದದ್ದು ಆರ್ವಿಲ್‌ನ ಧೂಳು, ಅರ್ಧ ರೇಸುಗಳಲ್ಲಿ ಮಾತ್ರ ಕೊನೆಗೆ ಅವನನ್ನು ದಾಟಿದ್ದೆ. ಕ್ಲಬ್ಬಿನ ಚಾಂಪಿಯನ್ನಿಗೆ ಸಿಗುವ ಒಂದನೇ ನಂಬರ್ ಪ್ಲೇಟ್ ಹೋದ ವರ್ಷದಿಂದ ನನ್ನ ಬೈಕಿನ ಮೇಲಿತ್ತು. ಅವತ್ತು ಕೊನೆಯ ರೇಸು. ಇಬ್ಬರ ಪಾಯಿಂಟೂ ಸಮ. ಯಾರು ಮುಂದೆ ಬರುತ್ತಾರೋ ಅವರಿಗೆ ಆ ಪ್ಲೇಟ್.

ಬಾವುಟ ಬೀಸುವ ಮಿಸ್ ನೆಡ್ರಾ ಹತ್ತಿರ ಹೋದೆ. "ಅವನು ಲಿವರ್ ಕಟ್ಟಿಹಾಕಿದ್ದಾನೆ. ಗೇರಿಗೆ ಹಾಕಿ ಕೈ ಬಿಟ್ಟು ಕೂತಿರ್ತಾನೆ. ನಿಮಗೆ ಕಾಣಲ್ವಾ?"

ಅವರು ಕುರ್ಚಿಯಿಂದ ಏಳಲೂ ಇಲ್ಲ. "ಅದು ಆಟೋ ಕ್ಲಚ್ ಕಣೋ ವೇಡ್, ಲಿವರ್ ಹಿಡಿಯೋದೇ ಬೇಡ. ನಮ್ಮ ರೂಲ್ಸಲ್ಲಿ ಅಡ್ಡಿ ಇಲ್ಲ. ಅವನನ್ನೇ ಹೋಗಿ ಕೇಳು, ನನ್ನ ಕಾಫಿ ಆರ್ತಿದೆ."

ಹೋದೆ. ಕೇಳುವುದಕ್ಕಲ್ಲ, ಜಗಳಕ್ಕೆ.

"ಅದು ಮುದುಕರ ಕ್ಲಚ್ಚು," ಅಂದೆ. "ಎಡಗೈ ಬೆರಳು ಯಾಕೆ ಇಟ್ಕೊಂಡಿದ್ದೀಯ? ಕತ್ತರಿಸಿ ಬಿಸಾಕು."

"ಬನ್ನು ಹಿಡಿಯೋಕೆ ಬೇಕಲ್ಲ ಮರಿ," ಅಂದ ಆರ್ವಿಲ್.

"ರಬ್ಬರ್ ಬ್ಯಾಂಡ್ ಯಾಕೆ?"

"ಓಡಿಸಿ ನೋಡು. ಬೈಯೋದನ್ನ ಆಮೇಲೆ ಬೈಯುವಂತೆ."

ರಬ್ಬರ್ ಬ್ಯಾಂಡ್ ಬಿಚ್ಚಿ ಜೇಬಿಗೆ ಹಾಕಿಕೊಂಡ, ಬೈಕನ್ನು ಕೆಳಗಿಳಿಸಿ ಗೇರಿಗೆ ಹಾಕಿದ. ಲಿವರ್ ಯಾರೂ ಹಿಡಿದಿಲ್ಲ, ಎಂಜಿನ್ ಸುಮ್ಮನೆ ಓಡುತ್ತಿದೆ. ನಮ್ಮ ಕಡೆ ಯಾರೇ ನೋಡಿದರೂ ನ್ಯೂಟ್ರಲ್ ಅನ್ನುತ್ತಾರೆ. ನಾನು ಪಕ್ಕದಲ್ಲಿ ನಿಂತೇ ಒಂದು ರೈಸ್ ಕೊಟ್ಟೆ. ಬೈಕು ನನ್ನನ್ನು ಎಳೆದುಕೊಂಡು ಹೋಗಿ ಅವನ ಮಡಚುವ ಮೇಜಿಗೆ ಗುದ್ದಿತು. ಸಾಸಿವೆ ಬಾಟ್ಲಿ ನನ್ನ ಬೂಟಿನ ಮೇಲೆ ಒಡೆಯಿತು.

"ಎಲ್ಲರೂ ಒಂದ್ಸಲ ಮಾಡೋದೇ," ಅಂದ ಆರ್ವಿಲ್. "ನಾನು ಹೆಂಡತಿ ಟೊಮ್ಯಾಟೊ ಗಿಡದ ಮೇಲೆ ಹೋಗಿದ್ದೆ. ಆ ವಾರ ಊಟಕ್ಕೆ ಅತ್ತೆ ಮನೆ."

ಮೈಯೆಲ್ಲ ಉರಿಯುತ್ತಿತ್ತು. ಆದರೂ ಹತ್ತಿದೆ. ಬ್ರೇಕ್ ಹಿಡಿದೆ, ಗೇರಿನಲ್ಲೇ ನಿಂತಿತು, ಎಂಜಿನ್ ಸಾಯಲಿಲ್ಲ. ರೈಸ್ ಕೊಟ್ಟೆ, ಹೊರಟಿತು. ನಿಲ್ಲಬೇಕು, ಹೊರಡಬೇಕು ಅಂತ ಇದಕ್ಕೆ ಹೇಳುವವರು ಯಾರು? ಕಲ್ಲಿನ ಮೆಟ್ಟಿಲು ಹತ್ತುವಾಗ ನನ್ನ ಎಡಗೈ ಬೆರಳು ಕೆಲಸ ಹುಡುಕುತ್ತಲೇ ಇತ್ತು. ಸಿಗಲಿಲ್ಲ.

ಆಮೇಲೆ ಒಂದು ದಿಬ್ಬದ ತುದಿಯಲ್ಲಿ ನಿಂತು ಎಂಜಿನ್ ಆಫ್ ಮಾಡಿ ಬೈಕನ್ನು ಗೇರಿನಲ್ಲೇ ಕೆಳಕ್ಕೆ ಉರುಳಲು ಬಿಟ್ಟೆ. ನಮ್ಮ ಬೈಕಾದರೆ ಹಾಗೆ ಉರುಳಿ ಕ್ಲಚ್ ಬಿಟ್ಟರೆ ಸ್ಟಾರ್ಟ್ ಆಗುತ್ತೆ. ಇದು ಆಗಲಿಲ್ಲ. ಚಕ್ರ ತಿರುಗಿತು, ಎಂಜಿನ್ ಹೆಣದ ಹಾಗೆ ಬಿದ್ದಿತ್ತು.

ಸಿಕ್ಕಿತು. ಹಳ್ಳಕ್ಕೆ ಇಳಿಯುವ ಇಳಿಜಾರಿನಲ್ಲಿ ಎಲ್ಲರ ಎಂಜಿನ್ನೂ ಒಂದಲ್ಲ ಒಂದು ಸಲ ಆಫ್ ಆಗುತ್ತೆ. ನಾವು ಉರುಳಿಸಿಕೊಂಡೇ ಸ್ಟಾರ್ಟ್ ಮಾಡುತ್ತೇವೆ. ಅವನು ಕಾಲೂ ಊರಲಾಗದ ಆ ಜಾಗದಲ್ಲಿ ನಿಂತು ಕಿಕ್ ಹೊಡೆಯಬೇಕು. ಅಲ್ಲೇ ಅವನನ್ನು ದಾಟುತ್ತೇನೆ. ಬೈಕು ವಾಪಸ್ ಕೊಟ್ಟೆ, ಬಾಯಿ ಬಿಡಲಿಲ್ಲ.

ಬಾವುಟ ಬಿತ್ತು. ಅವನು ಗೇರಿನಲ್ಲೇ ಕಿಕ್ ಹೊಡೆದು ಹೋದ. ನಾನು ಎರಡನೆಯವನಾಗಿ ಮರಗಳೊಳಗೆ ನುಗ್ಗಿದೆ. ಬಾಯಿತುಂಬ ಧೂಳು. ಇರಲಿ, ಇಳಿಜಾರು ಬರಲಿ.

ಬಂತು. ಆರ್ವಿಲ್ ಹಿಂದಿನ ಬ್ರೇಕ್ ಒತ್ತಿದ. ಚಕ್ರ ಪೂರ್ತಿ ನಿಂತು ಕಲ್ಲಿನ ಮೇಲೆ ಜಾರತೊಡಗಿತು. ಈಗ ಸಾಯುತ್ತೆ, ಅಂತ ಕಿವಿಗೊಟ್ಟೆ. ಸಾಯಲಿಲ್ಲ. ಚಕ್ರ ನಿಂತಿದ್ದರೂ ಎಂಜಿನ್ ತನ್ನ ಪಾಡಿಗೆ ಗುರುಗುಟ್ಟುತ್ತಿತ್ತು. ಅದನ್ನು ಕೇಳುತ್ತ ನಾನೂ ಬ್ರೇಕ್ ಒತ್ತಿದೆ, ಲಿವರ್ ಹಿಡಿಯುವುದನ್ನೇ ಮರೆತೆ. ಸತ್ತದ್ದು ನನ್ನ ಎಂಜಿನ್. ಉರುಳಿಸಿ ಕ್ಲಚ್ ಬಿಟ್ಟೆ, ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ಅಷ್ಟರಲ್ಲಿ ಅವನು ಹಳ್ಳ ದಾಟಿದ್ದ. ಆಮೇಲೆ ಅವನ ಬೆನ್ನು ಕಂಡದ್ದು ರೇಸ್ ಮುಗಿದ ಮೇಲೇ.

ಪ್ಲೇಟನ್ನು ನಾನೇ ಬಿಚ್ಚಿದೆ. ಸಿಟ್ಟು ಇಳಿದಿರಲಿಲ್ಲ. ತಗೊಂಡು ಹೋಗಿ ಅವನ ಎದೆಗೆ ಒತ್ತಿದೆ.

"ಬೈಯೋದು ಬಾಕಿ ಇತ್ತಲ್ಲ," ಅಂದ.

"ಆ ಲಿವರ್ ಯಾಕೆ ಅಲುಗಿತು?"

ನನ್ನ ಮುಖ ನೋಡಿದ. ಆಮೇಲೆ ಎಣ್ಣೆ ಚೆಲ್ಲದ ಹಾಗೆ ಬೈಕನ್ನು ಎಡಕ್ಕೆ ಮಲಗಿಸಿ, ಕ್ಲಚ್ಚಿನ ಮುಚ್ಚಳ ತೆಗೆದು ಒಳಗಿನ ಒಂದು ಬಳೆ ಎತ್ತಿ ತೋರಿಸಿದ. ಅದರ ಗೂಡುಗಳಲ್ಲಿ ಸಣ್ಣ ಸಣ್ಣ ಲೋಹದ ತುಂಡುಗಳು.

"ಜೋರಾಗಿ ತಿರುಗಿದ್ರೆ ಇವು ಹೊರಕ್ಕೆ ಓಡ್ತವೆ. ಜಾಗ ಸಾಲದೆ ಕ್ಲಚ್ ಪ್ಲೇಟುಗಳನ್ನ ಒತ್ತಿ ಹಿಡೀತವೆ. ಆಗ ಈ ಮೇಲಿನ ತಟ್ಟೆ ಚೂರು ಏಳುತ್ತೆ, ಲಿವರ್ ಸಡಿಲ ಆಗುತ್ತೆ, ರಬ್ಬರ್ ಎಳ್ಕೊಳ್ಳುತ್ತೆ. ಎಷ್ಟು ಸರೀತು ಅಂತ ನೋಡಿದ್ರೆ ಒಳಗೆ ಎಲ್ಲ ಸರಿ ಇದೆಯಾ ಅಂತ ಗೊತ್ತಾಗುತ್ತೆ. ನೋಡ್ದೆ ಓಡಿಸಿದ್ರೆ ಕ್ಲಚ್ ಸುಟ್ಟುಹೋಗುತ್ತೆ."

ಒಂದು ತುಂಡನ್ನು ಬೆರಳಲ್ಲಿ ತಳ್ಳಿದೆ. ಹೋಯಿತು, ಬಂತು.

"ನಿಧಾನ ಆದ್ರೆ ವಾಪಸ್ ಬರ್ತವೆ," ಅಂದೆ. "ಅದಕ್ಕೇ ಎಂಜಿನ್ ಸಾಯಲ್ಲ. ಅದಕ್ಕೇ ಉರುಳಿಸಿದ್ರೆ ಹತ್ತೋದೂ ಇಲ್ಲ."

"ಉರುಳಿಸಿ ಯಾವಾಗ ನೋಡಿದೆಯೋ?"

"ಬೆಳಿಗ್ಗೆ. ಅದನ್ನೇ ನಂಬ್ಕೊಂಡು ಸೋತೆ."

ಆರ್ವಿಲ್ ಸ್ಪ್ಯಾನರ್ ನನ್ನ ಕೈಗಿಟ್ಟ. ಮುಚ್ಚಳದಿಂದ ತೆಗೆದ ಬೋಲ್ಟುಗಳನ್ನು ಕಳೆಯದ ಹಾಗೆ ಒಂದನೇ ನಂಬರ್ ಪ್ಲೇಟಿನ ಮೇಲೆ ಗುಡ್ಡೆ ಹಾಕಿದ್ದ. ನಾನು ಕ್ಲಚ್ಚಿನೊಳಗಿನ ಇನ್ನೊಂದು ಬೋಲ್ಟನ್ನು ಬಿಚ್ಚಿ ಅವುಗಳ ಜೊತೆ ಇಟ್ಟೆ.